ಅವಧಿ ಮುಗಿದ ಸದಸ್ಯೆ

ಕುವೈತಿನಲ್ಲಿ ವರ್ಷಗಟ್ಟಲೆ ಮನೆಗೆಲಸ ಮಾಡಿ ಫಿಲಿಪೀನ್ಸಿನ ತನ್ನೂರಿಗೆ ಮರಳಿದ ನೆನಿತಾ, ಹೊಲಿಗೆ ಅಂಗಡಿ ಇಡಲು ನೆರವು ಕೇಳೋಣವೆಂದು ವಲಸೆ ಕಾರ್ಮಿಕರ ಕಲ್ಯಾಣ ನಿಧಿಯ ಕಚೇರಿಗೆ ಹೊರಟಳು.

"ಅಲ್ಲೇನೂ ಸಿಗಲ್ಲ ಕಣೇ, ಸುಮ್ನೆ ಬಿಸಿಲಲ್ಲಿ ಅಲೀಬೇಡ" ಎಂದು ಗಂಡ ರೋಮುಲೊ ಬಾಗಿಲವರೆಗೂ ಬಂದು ತಡೆದ. ಅವನ ಕಾಳಜಿ ಕಂಡು ಅವಳಿಗೆ ಒಳಗೊಳಗೇ ಹಿಗ್ಗಾಯಿತು.

ಕೌಂಟರಿನ ಅಧಿಕಾರಿಣಿ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದರು.

"ನಿಮ್ಮ ಸದಸ್ಯತ್ವದ ಅವಧಿ ಮುಗಿದುಹೋಗಿದೆಯಲ್ಲಮ್ಮ. ನವೀಕರಣ ಮಾಡಿಸಿಲ್ಲ."

"ನಮ್ಮ ಯಜಮಾನರಿಗೆ ಹೇಳಿದ್ದೆ. ಪಾಪ, ಮರೆತಿರ್ಬೇಕು. ಸ್ವಲ್ಪವಾದ್ರೂ ಸಿಗಲ್ವಾ ಮೇಡಂ?"

"ಬಿಡಿಗಾಸೂ ಇಲ್ಲ."

ಹಾಗೆಂದವರು ಪರದೆಯನ್ನು ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ನೆನಿತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನಾಯ್ತು ಮೇಡಂ?"

"ಹೋದ ತಿಂಗಳು ನಿಮ್ಮ ಯಜಮಾನರು ಬಂದಾಗಲೂ ಇದನ್ನೇ ಹೇಳಿದ್ದೆ. ಇಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತರು."

"ಅಯ್ಯೋ, ನನ್ನ ಅಂಗಡಿ ಕನಸು ಹೋಯ್ತು ಅಂತಾನಾ?"

"ಅಲ್ಲಮ್ಮ, ನೀವು ಸತ್ತದ್ದಕ್ಕೆ ಪರಿಹಾರ ಬರೋದಿಲ್ಲ ಅಂತ."