ಬಿಸಿಲಿನ ಹಾಳೆ

ಹಾಳೆ ಹೊರಬರಲು ಒಪ್ಪಲಿಲ್ಲ. ಕಂಪ್ಯೂಟರ್ ತೆರೆಯ ಮೇಲಿನ ಹಸಿರು ಪಟ್ಟಿ ಅರ್ಧದವರೆಗೆ ತೆವಳಿ ಮತ್ತೆ ಅಲ್ಲೇ ನಿಂತಿತು. ನಕ್ಷೆ ತಯಾರಿಸುವ ಬುರುಲ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಬಿಷ್ಕೆಕ್‌ನಲ್ಲಿ ಏಳಲಿದ್ದ ಹನ್ನೆರಡು ಅಂತಸ್ತಿನ ಆ ಕಟ್ಟಡದ ನಕ್ಷೆಗಳೆಲ್ಲ ಸಿದ್ಧವಾಗಿದ್ದವು. ಕಟ್ಟಡ ಎದ್ದ ಮೇಲೆ ನೆರೆಮನೆಗಳಿಗೆ ಎಷ್ಟು ಬಿಸಿಲು ಉಳಿಯುತ್ತದೆಂದು ತೋರಿಸುವ ಒಂದು ಹಾಳೆ ಮಾತ್ರ ಬಾಕಿ. ಅದು ಸಂಜೆಯೊಳಗೆ ಸರ್ಕಾರದ ಪರಿಶೀಲನಾ ಕಚೇರಿಯನ್ನು ಸೇರಿದರೆ ಅವಳು ದೂರದ ಊರು ನಾರಿನ್‌ಗೆ ಹೋಗುವ ಬಾಡಿಗೆ ಕಾರು ಹತ್ತಬಹುದಿತ್ತು. ಅಲ್ಲಿ ಮಗಳಿಗೆ ದಿನ ತುಂಬಿತ್ತು. ಅವರ ರೂಢಿಯಂತೆ ಹುಟ್ಟಿದ ಕೂಸಿನ ಬಾಯಿಗೆ ಮೊದಲು ಬೆಣ್ಣೆ ಸವರಬೇಕಾದವಳು ಅಜ್ಜಿ. ಕಾಯಿಸಿದ ಬೆಣ್ಣೆಯ ಜಾಡಿ ಮೇಜಿನಡಿಯ ಚೀಲದಲ್ಲಿ ಕಾದಿತ್ತು.

"ಬಂತಾ?" ಎಂದು ಬಾಗಿಲಲ್ಲೇ ನಿಂತು ಕೇಳಿದ, ಕಚೇರಿಯ ಮುಖ್ಯಸ್ಥ ಶರ್ಶೆನ್.

"ಬರ್ತಾ ಇದೆ, ಬೈಕೆ." ಕಚೇರಿಯಲ್ಲಿ ಎಲ್ಲರೂ ಅವನನ್ನು ಹಾಗೇ, ಅಣ್ಣಾ ಎಂದೇ ಕರೆಯುತ್ತಿದ್ದರು.

"ನಿನ್ನೆಯಿಂದ ಬರ್ತಾನೇ ಇದೆ. ನಮ್ಮತ್ತೆ ಓಶ್‌ನಿಂದ ನಡ್ಕೊಂಡು ಹೊರಟಿದ್ರೂ ಇಷ್ಟೊತ್ತಿಗೆ ಬಂದು, ಚಹಾ ಸಪ್ಪೆ ಅಂತ ಬೈತಿದ್ಲು."

ತಪ್ಪು ಎಲ್ಲಿದೆಯೆಂದು ತಿಳಿಯದಾಗ ಒಂದೊಂದನ್ನೇ ಕಳೆಯುತ್ತ ಉಳಿದದ್ದನ್ನು ನೋಡಬೇಕು; ಬುರುಲ್ ಕಲಿತದ್ದು ಆ ದಾರಿಯೊಂದನ್ನೇ. ಕಂಪ್ಯೂಟರಿನಲ್ಲಿ ಅವಳು ಕಟ್ಟಿದ್ದ ಕಟ್ಟಡದ ಮಾಡೆಲ್‌ಗೆ ಬೇರೆಯವರ ಮಾಡೆಲ್‌ಗಳು ಲಿಂಕ್ ಆಗಿ ಜೋಡಿಕೊಂಡಿದ್ದವು: ಕಂಬ ತೊಲೆಗಳದ್ದು, ಕೊಳವೆಗಳದ್ದು, ನೆರೆಮನೆಗಳದ್ದು. ಕಂಬ ತೊಲೆಗಳ ಲಿಂಕ್ ಬಿಚ್ಚಿದಳು, ಪಟ್ಟಿ ಕದಲಲಿಲ್ಲ. ಕೊಳವೆಗಳದ್ದನ್ನು ಬಿಚ್ಚಿದಳು, ಆಗಲೂ ಕದಲಲಿಲ್ಲ. ನೆರೆಮನೆಗಳದ್ದನ್ನು ಬಿಚ್ಚಿದೊಡನೆ, ಅವಳು ಚಹಾದ ಬಟ್ಟಲನ್ನು ಕೈಗೆತ್ತಿಕೊಳ್ಳುವ ಮೊದಲೇ ಹಾಳೆ ಹೊರಬಂದಿತು. ಆದರೆ ಬಿಸಿಲು ಬೇಕಾದ ಮನೆಗಳೇ ಅದರಲ್ಲಿರಲಿಲ್ಲ. ಕಟ್ಟಡದ ಸುತ್ತ ಬರೀ ಬಿಳಿ ಬಯಲು.

ಅವಳು ನೆರೆಮನೆಗಳ ಮಾಡೆಲನ್ನು ತೆರೆದು ಹುಡುಕಿದಳು. ಒಂದು ಮನೆಯ ಅಂಗಳದ ತುಂಬ ದ್ರಾಕ್ಷಿಯ ಚಪ್ಪರ ಹಬ್ಬಿತ್ತು. ಅವಳು ಅದನ್ನು ಹಿಗ್ಗಿಸಿ ನೋಡಿದಳು, ಇನ್ನಷ್ಟು ಹಿಗ್ಗಿಸಿದಳು.

"ಗೆನಾ! ಈ ಚಪ್ಪರ ಹಾಕಿದ್ದು ನೀನೇನಾ?"

ಆ ಮನೆಗಳ ಅಳತೆ ತೆಗೆದವನು ಪಕ್ಕದ ಮೇಜಿನ ಗೆನಾದಿ. ಅವನು ಕುರ್ಚಿಯನ್ನು ಅವಳತ್ತ ಉರುಳಿಸಿಕೊಂಡು ಬಂದ. "ಯಾಕೆ, ಚೆನ್ನಾಗಿಲ್ವಾ?"

"ಒಂದೊಂದು ಎಲೆಗೂ ನರ ಇದೆಯಲ್ಲೋ!"

"ಆ ಮನೆ ಅಜ್ಜಿ ಒಂದು ಬಕೆಟ್ ದ್ರಾಕ್ಷಿ ಕೊಟ್ಲು. ನಿಮ್ಮ ನಕ್ಷೇಲಿ ನನ್ನ ಬಳ್ಳಿ ಬಿಟ್ಬಿಡಬೇಡ ಮಗನೇ ಅಂದ್ಲು. ಇಂಟರ್ನೆಟ್ಟಲ್ಲಿ ಹುಡುಕಿ ಹುಡುಕಿ ಒಳ್ಳೇ ಬಳ್ಳಿ ತಂದು ಹಾಕ್ದೆ. ಆ ದ್ರಾಕ್ಷಿ ನೀನೂ ತಿಂದಿದೀಯ, ನೆನಪಿರ್ಲಿ."

"ತಿಂದ ತಪ್ಪಿಗೆ ಎಲೆಎಲೆಗೂ ನೆರಳು ಎಣಿಸ್ತಾ ಕೂತಿದೆ ಈ ಯಂತ್ರ. ತೆಗೀತೀನಿ."

"ಬೇರಾದ್ರೂ ಉಳಿಸು," ಎಂದು ಗೆನಾದಿ ನಿಟ್ಟುಸಿರಿಟ್ಟ.

ಗೋಡೆ, ಸೂರು, ಕಿಟಕಿಗಳನ್ನು ಉಳಿಸಿಕೊಂಡು ಬುರುಲ್ ಬಳ್ಳಿಯನ್ನು ಅಳಿಸಿದಳು. ಲಿಂಕ್ ಮತ್ತೆ ಜೋಡಿಸಿದಳು. ಪಟ್ಟಿ ತಡೆಯಿಲ್ಲದೆ ಕೊನೆಯವರೆಗೆ ಓಡಿತು. ಶರ್ಶೆನ್ ಹಿಂದೆ ಬಂದು ನಿಂತು, "ಭೇಷ್! ಕಳಿಸು, ಕಾರು ಹತ್ತು," ಎಂದ. ಅವಳು ಕಳಿಸಲಿಲ್ಲ, ಹಾಳೆಯನ್ನೇ ನೋಡುತ್ತಿದ್ದಳು. ಯಂತ್ರ ತಡೆಯಲಾರದೆಂದು ಈವರೆಗೆ ಅವಳು ತೆರೆಯ ಮೇಲೆ ನೆರಳು ಕಾಣದಂತೆ ಮಾಡಿಯೇ ಕೆಲಸ ಮಾಡಿದ್ದಳು. ಒಂದೆರಡು ಸಲ ನೆರಳನ್ನು ತೋರಿಸಿದಾಗ ಆ ಅಂಗಳದಲ್ಲಿ ಕಪ್ಪು ಕಂಡಿತ್ತು. ಚಪ್ಪರದ ನೆರಳಿರಬೇಕೆಂದು ಎಲ್ಲರೂ ಬಿಟ್ಟಿದ್ದರು. ಈಗ ಚಪ್ಪರವಿರಲಿಲ್ಲ, ಕಪ್ಪು ಇತ್ತು. ಹಾಳೆಯಲ್ಲಿ ಗಂಟೆಗೊಂದರಂತೆ ಚಿತ್ರಗಳಿದ್ದವು. ಅವುಗಳ ಮೇಲೆ ಅವಳ ಬೆರಳು ಒಂದೊಂದಾಗಿ ಸರಿಯಿತು. ಅವರ ಕಟ್ಟಡದ ಮೇಲಿನ ಅಂತಸ್ತುಗಳ ನೆರಳು ಬೆಳಗ್ಗೆ ದ್ರಾಕ್ಷಿ ಕೊಟ್ಟ ಅಜ್ಜಿಯ ಕಿಟಕಿಗಳ ಮೇಲೆ ಕೂತದ್ದು ಇಳಿಹೊತ್ತಿನವರೆಗೂ ಏಳುತ್ತಿರಲಿಲ್ಲ. ನಿಯಮ ಕೇಳುವ ಬಿಸಿಲಿನಲ್ಲಿ ಅರ್ಧವೂ ಆ ಮನೆಗೆ ದಕ್ಕುತ್ತಿರಲಿಲ್ಲ.

ಶರ್ಶೆನ್ ತೆರೆಯತ್ತ ಬಗ್ಗಿದ. ಆಮೇಲೆ ಮೆಲ್ಲಗೆ, "ಆ ಬಳ್ಳಿ ವಾಪಸ್ ಹಾಕಕ್ಕಾಗಲ್ವಾ?" ಎಂದ.

"ಹಾಕಿದ್ರೆ ಹಾಳೆ ಬರಲ್ಲ, ಬೈಕೆ."

"ಹಾಗಾದ್ರೆ ಮನೆಗಳೇ ಬೇಡ. ಆಗಲೇ ಒಂದು ಬಂತಲ್ಲ ಖಾಲಿ ಹಾಳೆ, ಅದನ್ನ ಕಳಿಸು. ಯಾರಾದ್ರೂ ಕೇಳಿದ್ರೆ ಲಿಂಕ್ ಕಳಚಿಹೋಗಿತ್ತು ಅಂದ್ರಾಯ್ತು. ದಿನಾ ಕಳಚತ್ತೆ."

"ಹಾಳೆ ಕೆಳಗೆ ನನ್ನ ಹೆಸರಿದೆ."

"ಅಲ್ವೇ, ಅವರಿಗೆ ಬಿಸಿಲು ಸಿಗ್ಲಿ ಅಂತ ಅಂತಸ್ತು ಇಳಿಸೋದು ಅಂದ್ರೆ ಎಲ್ಲಾ ಹಾಳೆ ಹೊಸದಾಗಿ ಮಾಡ್ಬೇಕು. ವಾರ ಹಿಡಿಯತ್ತೆ. ನಿನ್ನ ಮಗಳು ವಾರ ಕಾಯ್ತಾಳಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ಬುರುಲ್."

ಅವನ ಮಾತು ಸುಳ್ಳಾಗಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಆಯಾಸವಾಯಿತು. ತೆರೆಯ ಮೇಲೆ ಎರಡು ಹಾಳೆಗಳೂ ಅಕ್ಕಪಕ್ಕ ಇದ್ದವು. ಗೆನಾದಿ ಕಿಟಕಿಯಾಚೆ ಟ್ರಾಲಿ ಬಸ್ಸುಗಳನ್ನು ನೋಡುತ್ತ ಕೂತಿದ್ದ. ಬುರುಲ್ ಬಿಳಿ ಬಯಲಿನ ಹಾಳೆಯನ್ನು ಅಳಿಸಿದಳು. ಶರ್ಶೆನ್ ಹೊರಗೆ ನಡೆದ.

ಆಗ ಅವಳ ಫೋನು ಬಡಿದುಕೊಂಡಿತು.

"ಅಮ್ಮಾ, ಹೊರಟ್ಯಾ?" ಮಗಳು ಏದುಸಿರು ಬಿಡುತ್ತಿದ್ದಳು. "ಶುರುವಾಗಿದೆ ಅನ್ಸತ್ತೆ."

ಬುರುಲ್ ತೆರೆಯತ್ತ ನೋಡಿದಳು. ಪಟ್ಟಿ ತುಂಬಿತ್ತು, ಅಜ್ಜಿಯ ಕಿಟಕಿಗಳ ಮೇಲೆ ನೆರಳು ಕೂತಿದ್ದ ಹಾಳೆ ಸಿದ್ಧವಾಗಿತ್ತು.

"ಇವತ್ತಾಗಲ್ಲ, ಕಂದಾ," ಎಂದಳು. "ಇಲ್ಲಿ ಯಂತ್ರ ತುಂಬಾ ನಿಧಾನ."