ಪೊರೆಯ ಮೇಲಿನ ಕಪ್ಪು ಗೆರೆ

ಜೀವಕೋಶದ ಆಕಾರವನ್ನು ಹಿಡಿದಿಡುವ ಪ್ರೋಟೀನುಗಳಲ್ಲಿ ಟ್ಯೂಬ್ಯುಲಿನ್ ಒಂದು. ಅದನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಯನ್ನು ಪ್ರೊಫೆಸರ್ ಹೆಬಸೂರ ತಮ್ಮ ಪ್ರಯೋಗಾಲಯದಲ್ಲೇ ತಯಾರಿಸಿದ್ದರು. ಅದಕ್ಕೆ ಮೂರು ವರ್ಷ ಹಿಡಿದಿತ್ತು. ಆಂಟಿಬಾಡಿ ಸರಿಯಾಗಿ ಅಂಟಿಕೊಂಡರೆ ಪರೀಕ್ಷೆಯ ಪೊರೆಯ ಮೇಲೆ ಕಪ್ಪು ಗೆರೆ ಮೂಡಬೇಕು. ಮೂಡಿದರೆ ಅವರ ವಿದ್ಯಾರ್ಥಿನಿ ಶಿವಲೀಲಾಳ ಪಿಎಚ್.ಡಿ. ಮುಗಿದಂತೆ. ಇಲ್ಲವಾದರೆ ಎಲ್ಲವೂ ಮತ್ತೆ ಮೊದಲಿನಿಂದ.

ಅವಳು ಕಂಪ್ಯೂಟರಿನಲ್ಲಿ ಪೊರೆಯ ಚಿತ್ರ ತೆರೆದಳು. ಇರಬೇಕಾದ ಜಾಗದಲ್ಲೇ ದಪ್ಪನೆಯ ಗೆರೆ ಇತ್ತು.

“ಬಂತು ನೋಡವಾ!” ಪ್ರೊಫೆಸರು ಕುರ್ಚಿ ಬಿಟ್ಟೆದ್ದರು. “ಪ್ಯಾಟ್ಯಾಗಿನ ಆಂಟಿಬಾಡಿ ತರಸ್ರಿ ಅಂತ ನಗತಿದ್ರಲ್ಲ, ಕರಿ ಅವರ್ನೆಲ್ಲಾ!”

“ಸರ್, ಒಂದ್ ಮಾತು…”

“ಮಾತು ಆಮ್ಯಾಲೆ. ನಿನ್ನ ಥೀಸಿಸ್ ಇದ ತಿಂಗಳು ಕಳಸೂಣು.”

ಪಕ್ಕದ ಪ್ರಯೋಗಾಲಯದವರು ಬಂದರು. ಒಬ್ಬರು ಫೋಟೊ ತೆಗೆದರು. ವಿಭಾಗದ ಮುಖ್ಯಸ್ಥೆ ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿದರು.

“ಹೆಬಸೂರ ಅವರ, ನಾ ನಂಬಿದ್ದಿಲ್ಲ ಬಿಡ್ರಿ. ನಿಮ್ಮ ಆಂಟಿಬಾಡಿ ಭಾಳ ಚೊಲೋ ಕೆಲಸ ಮಾಡೈತ್ರಿ.”

“ಸರ್, ನಂದೊಂದು ಸ್ವಲ್ಪ ಕೇಳ್ರಿ,” ಎಂದಳು ಶಿವಲೀಲಾ.

“ಹೇಳವಾ, ಎಲ್ಲಾರ ಮುಂದನ ಹೇಳು. ಕಷ್ಟಪಟ್ಟಾಕಿ ನೀನು, ನಾಚಿಕಿ ಯಾಕ?”

“ಹೋಲಿಸಿ ನೋಡಾಕ ಅಂತ ಎರಡು ಪೊರೆ ಮಾಡೀನ್ರಿ ಸರ್, ಒಂದಕ್ಕ ನಿಮ್ಮದು, ಒಂದಕ್ಕ ಪ್ಯಾಟ್ಯಾಗಿಂದು. ಇದಕ್ಕ ನಿಮ್ಮ ಆಂಟಿಬಾಡಿ ಹಾಕೇ ಇಲ್ರಿ.”