ಕೇಳದ ಎರಡು ಗುಂಡು

ಕೋವಿಯ ಸದ್ದಡಗಿಸುವ ಸೈಲೆನ್ಸರ್‌ಗೆ ಪರವಾನಗಿ ಬೇಡವೆಂಬ ಮಸೂದೆ ಅಂಗೀಕಾರವಾಗಿ ಒಂಬತ್ತು ವರ್ಷವಾಗಿತ್ತು. ಅದನ್ನು ಬೆಸೆದಿರದ ಕೋವಿ ಕೊಡಗಿನಲ್ಲಿ ಒಂದೂ ಉಳಿದಿರಲಿಲ್ಲ.

ಬೆಳಿಗ್ಗೆ ಗಂಡ ತೀರಿಕೊಂಡಾಗ ಬೊಳ್ಳವ್ವ ಪದ್ಧತಿಯಂತೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹಾರಿಸಿದಳು. ಸಾವಿಗೆ ಯಾರನ್ನೂ ಕರೆಯುವಂತಿಲ್ಲ. ಜೋಡಿ ಗುಂಡು ಕೇಳಿದ ಊರು ತಾನಾಗಿ ಬರಬೇಕು. ಕೋವಿ ಎರಡು ಸಲ ಕೆಮ್ಮಿದಂತಾಯಿತು. ಮರದ ಮೇಲಿನ ಕಾಗೆಯೂ ಹಾರಲಿಲ್ಲ.

ಮಧ್ಯಾಹ್ನವಾದರೂ ಹೆಣ ಹೊರಲು ಯಾರೂ ಬಾರದಿದ್ದಾಗ, ಅವಳು ಪದ್ಧತಿ ಮುರಿದು ಪಕ್ಕದ ಮನೆಯ ದೇಚಮ್ಮನ ಬಾಗಿಲಿಗೆ ಹೋದಳು.

"ದೇಚೂ, ನಮ್ಮವರು ಹೋದ್ರು. ಎರಡು ಹೊಡ್ದೆ ಮಾರಾಯ್ತಿ, ಒಂದು ನರಪಿಳ್ಳೆಯೂ ಬರ್ಲಿಲ್ಲ!"

ದೇಚಮ್ಮ ಬಿಳಿ ಸೀರೆ ಉಟ್ಟಿದ್ದಳು.

"ಸೋಮವಾರ ಮಗಳು ಹೋದಾಗ ನಾನೂ ಹೊಡ್ದಿದ್ದೆ," ಎಂದಳು. "ಕುಣಿ ನಾನೇ ತೋಡ್ದೆ. ಗುದ್ದಲಿ ಅಲ್ಲಿದೆ, ತಗೊಂಡು ಹೋಗು."